ಒಂದು ಚೀಟಿ, ಎರಡು ಜೋಡಿ ಕಾಲು

ಊರವರ ಕಾಲು ಹಿಡಿದೇ ಹೊಟ್ಟೆ ಹೊರೆಯುವವನು ನಾನು. ಹಾಗಂತ ರಾಜಕೀಯದಲ್ಲಿಲ್ಲ, ರಾಯಚೂರಿನ ಒಂದು ಚಪ್ಪಲಿ ಅಂಗಡಿಯಲ್ಲಿದ್ದೇನೆ. ಗಿರಾಕಿಗಳ ಪಾದ ತೊಡೆಯ ಮೇಲಿಟ್ಟುಕೊಂಡು 'ಎಂಥಾ ಕಾಲ್ರೀ ನಿಮ್ಮವು' ಎಂದು ಹೊಗಳುವಾಗ, ನನ್ನ ಬೂಟಿನೊಳಗೆ ಹತ್ತೂ ಬೆರಳು ಕೊಳೆಯುತ್ತಿದ್ದವು. ಯಾರಾದರೂ ಮೂಗು ಮುಚ್ಚಿದರೆ 'ಅಸಲಿ ಚರ್ಮರೀ, ಹಂಗೇ ಇರತದ' ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ.

ನನ್ನ ಜೊತೆ ಬಾಡಿಗೆ ಖೋಲಿಯಲ್ಲಿದ್ದ ಅವ್ವನದೂ ಅದೇ ಪಾಡು. ನಮ್ಮೂರು ನೀರಮಾನ್ವಿಯಲ್ಲಿ ಭತ್ತದ ನಾಟಿಗೆ ಹೋಗಿ ಹೋಗಿ ಅವಳ ಬೆರಳ ಸಂದಿ ಬಿರಿದು, ಉಗುರು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. 'ಕೆಸರುಹುಣ್ಣಿಗೆ ಯಾರರ ಡಾಕ್ಟರ್ ಕಡಿ ಹೋಗತಾರೇನು' ಎನ್ನುತ್ತಿದ್ದಳು. ನಾನೊಬ್ಬನೇ ಹೋದೆ. ದೇವದುರ್ಗದ ಕಡೆಯವರಾದ ಚರ್ಮದ ಡಾಕ್ಟರು ಮೂರು ತಿಂಗಳಿಗೆ ಗುಳಿಗೆ, ಮುಲಾಮು ಎರಡೂ ಬರೆದರು. ಮನೆಯಲ್ಲಿ ಕಾಲು ಎರಡು ಜೋಡಿ, ಔಷಧಿ ಎರಡು ನಮೂನೆ. ನನ್ನ ತಲೆ ಕೇಳಬೇಕೆ? ಗುಳಿಗೆ ನಾನು ನುಂಗಿದೆ, ಮುಲಾಮು ಅವ್ವನಿಗೆ ಕೊಟ್ಟೆ. ಎರಡು ತಿಂಗಳಾದರೂ ಇಬ್ಬರ ತುರಿಕೆಯೂ ನಿಲ್ಲಲಿಲ್ಲ.

ಅವ್ವನನ್ನೂ ಕರೆದುಕೊಂಡು ಮತ್ತೆ ಹೋದಾಗ ಡಾಕ್ಟರು ಹಣೆ ಬಡಿದುಕೊಂಡರು. 'ಗುಳಿಗಿ ಒಳಗಿಂದ ಬಡೀಬೇಕು, ಮುಲಾಮು ಹೊರಗಿಂದ. ಎರಡೂ ಒಬ್ಬರಿಗೇ. ನೀ ಪ್ರಸಾದ ಹಂಚಿದಂಗ ಹಂಚೀಯಲ್ಲೋ. ಇದು ಒಬ್ಬರಿಂದ ಒಬ್ಬರಿಗೆ ಅಂಟತದ. ಮನ್ಯಾಗ ಮೊದಲು ಯಾರಿಗಿತ್ತು?'

'ನಮ್ಮವ್ವಗರೀ ಸರ್. ಹೊಲ ಇಲ್ಲ, ಮನಿ ಇಲ್ಲ. ಇದ್ದ ಆಸ್ತಿ ಇದೊಂದ, ಮಗನ ಹೆಸರಿಗೆ ಬರದಾಳ.'

ಡಾಕ್ಟರು ನಕ್ಕರು. ಅವ್ವನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರೆ ಅವಳಿಗೂ ಗುಳಿಗೆ ಬರೆಯುವುದಾಗಿ ಹೇಳಿದರು.

ಮರುದಿನ ನಾನು ಏಳುವಷ್ಟರಲ್ಲಿ ನನ್ನ ಟವಲು ಕುದಿಯುವ ನೀರಲ್ಲಿತ್ತು. ಅವ್ವನ ಚಾಪೆ ಹೊಸ್ತಿಲ ಆಚೆ ಹೋಗಿತ್ತು. ಮೂರನೇ ದಿನ 'ನಾಟಿ ಶುರು ಆಗ್ಯಾದ' ಎಂದು ಚೀಲ ಹಿಡಿದಳು.

'ರಕ್ತ ತಪಾಸಣಿ ಮಾಡಸೋದು ಅದ ಅಲ್ಲ ಯವ್ವಾ?'

'ಮೊದಲು ನಿಂದು ಆರಲಿ.'

ಅವಳನ್ನು ಮಾನ್ವಿ ಬಸ್ಸು ಹತ್ತಿಸಿ, ಕೈಬೀಸಿ, ಅಂಗಡಿಗೆ ಬಂದು ಒಂದು ಜೋಡಿ ಬೂಟು ಮಾರಿದ ಮೇಲೆ ನೆನಪಾಯಿತು: ಊರ ಗದ್ದೆಗಳ ಕಾಲುವೆಗೆ ಇನ್ನೂ ನೀರೇ ಬಿಟ್ಟಿರಲಿಲ್ಲ.

ಎರಡೂ ಔಷಧಿ ಸೇರಿ ಮೂರು ತಿಂಗಳಲ್ಲಿ ನನ್ನ ಬೆರಳು ಬೆರಳಿನಂತಾದವು. 'ದಿನಾ ಹಸಿ ಸಾಕ್ಸ್ ಹಾಕ್ಕೊಂಡು ಬೂಟಿನ್ಯಾಗ ಇರತಿ. ನಿನಗ ಅದರಿಂದನ ಬಂದಿರಬೇಕು, ಸುಮ್ಮನ ನಿಮ್ಮವ್ವನ ಮ್ಯಾಲೆ ಹಾಕಿದಿ' ಎಂದರು ಡಾಕ್ಟರು. ಆ ಭಾನುವಾರವೇ ನೀರಮಾನ್ವಿಗೆ ಹೋದೆ. ಸಂಬಂಧಿಕರ ಮನೆಯಲ್ಲಿ ಉಳಿದಿದ್ದ ಅವ್ವ ಕುಂಟುತ್ತ ಬಂದು, ಚಹಾದ ಲೋಟವನ್ನು ದೂರದಲ್ಲಿಟ್ಟು ನನ್ನ ಕಡೆ ಸರಿಸಿದಳು.

'ಯವ್ವಾ, ನನಗ ನಿನ್ನಿಂದ ಬಂದಿಲ್ಲ. ನನ್ನ ಬೂಟಿನಿಂದ ಬಂದದ. ಡಾಕ್ಟರೇ ಹೇಳ್ಯಾರ. ನಡಿ, ನಿಂದೂ ತೋರಸೂಣು.'

ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು.

'ಮಜಾಕ್ ಸಾಕು, ಚಾ ಕುಡಿ.'

'ನಿನ್ನಾಣಿಗೂ ಖರೇ ಅದ.'

'ನೀ ಆಣಿ ಮಾಡಿದರ ಇನ್ನಾ ನಗು ಬರತದ ನೋಡು' ಎಂದು ಕಣ್ಣೊರೆಸಿಕೊಂಡಳು.

ಒಬ್ಬನೇ ವಾಪಸು ಬಂದೆ. ಇಷ್ಟು ವರ್ಷದ ನನ್ನ ಮಜಾಕುಗಳಲ್ಲಿ ಅವ್ವ ನಂಬಿದ್ದು ಆ ಆಸ್ತಿಯದೊಂದನ್ನೇ. ನಾನು ಹೇಳಿದ್ದರಲ್ಲಿ ಅವಳು ಅಷ್ಟೊಂದು ನಕ್ಕಿದ್ದೂ ಈ ಒಂದು ನಿಜಕ್ಕೇ. ನಗಿಸುವುದರಲ್ಲಿ ನನಗೆ ಸರಿಸಾಟಿಯಿಲ್ಲ ಬಿಡಿ.