ಓಡುವವರ ಕೈಗೊಂದು ವಾಚು

ಕೆಲವರು ಕೈ ಹಾಕಿದ ಕೆಲಸ ಸಲೀಸಾಗಿ ಮುಗಿಯುತ್ತೆ. ನನ್ನದು ಹಾಗಲ್ಲ. ಮುಗಿಯೋದಂತೂ ಮುಗಿಯುತ್ತೆ, ನಾನು ಬಿಡಬೇಕಲ್ಲ. ಆದರೆ ಮುಗಿಯೋಷ್ಟರಲ್ಲಿ ನಾಲ್ಕೂರಿನ ಜನ ಹೊಟ್ಟೆ ಹಿಡ್ಕೊಂಡು ನಕ್ಕಿರ್ತಾರೆ. ಎಂಬತ್ತರ ದಶಕದ ಶುರುವಿನಲ್ಲಿ ಒಂದು ವಾಚು ಮಾಡೋಕೆ ಹೋಗಿ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ನಾಲ್ಕೂ ಕಡೆ ನಗೆಪಾಟಲಾದೆ. ನಾಚಿಕೆ ಏನಿಲ್ಲ, ಹೇಳ್ತೀನಿ ಕೇಳಿ.

೧. ಆಫೀಸಿನ ಏಕೈಕ ಓಟಗಾರ

ಬೆಂಗಳೂರಿನ ಒಂದು ವಾಚ್ ಫ್ಯಾಕ್ಟರಿಯಲ್ಲಿ ನನ್ನ ಕೆಲಸ, ಮನೆ ಮಾಲೂರಿನಲ್ಲಿ. ಬೆಳಿಗ್ಗೆ ರೈಲಲ್ಲಿ ಹೋಗೋದು, ಸಂಜೆ ರೈಲಲ್ಲಿ ಬರೋದು. ವರ್ಷಗಟ್ಟಲೆ ವಾಚಿಗೆ ಬೆಲ್ಟು ಸಿಕ್ಕಿಸೋ ಬೆಂಚಿನಲ್ಲಿ ಬಗ್ಗಿ ಕೂತು ನನ್ನ ಕತ್ತು ಬಾಗಿಹೋಗಿತ್ತು. ಚಿತ್ರ ಬರೆಯೋ ಕೈ ಚೆನ್ನಾಗಿದೆ ಅಂತ ಯಾರೋ ಪುಣ್ಯಾತ್ಮರು ಹೇಳಿದ್ದಕ್ಕೆ ಡಿಸೈನ್ ಸೆಕ್ಷನ್ನಿಗೆ ಹಾಕಿದ್ದರು. ಅಲ್ಲಿ ಸ್ವಂತದ್ದೊಂದು ಮೇಜು, ಅದರ ಮೇಲೊಂದು ದೀಪ. ಆ ಮೇಜು ಸಿಕ್ಕಿದ ದಿನ ನಾನು ಮಾಲೂರಿನಲ್ಲಿ ಮನೆಮನೆಗೂ ಮೈಸೂರುಪಾಕು ಹಂಚಿದ್ದೆ.

ಒಂದು ದಿನ ಮ್ಯಾನೇಜರು ಎಲ್ಲರನ್ನೂ ಕರೆದರು. ಬೆಳಗಿನ ಹೊತ್ತು ಪಾರ್ಕಿನಲ್ಲಿ ಹುಡುಗ ಹುಡುಗಿಯರು ಕ್ಯಾನ್ವಾಸ್ ಶೂ ಹಾಕ್ಕೊಂಡು ಓಡೋದನ್ನ ನೋಡಿದರಂತೆ. ಪೇಟೆಯ ಈ ಓಟಗಾರರಿಗೇ ಅಂತ ಒಂದು ಸ್ಪೋರ್ಟ್ಸ್ ವಾಚು ಮಾಡಬೇಕು, ಬೆವರು ತಡೀಬೇಕು, ನೀರು ತಡೀಬೇಕು, ಬಿದ್ದರೂ ನಿಲ್ಲಬಾರದು, ಅಂದರು. ನಮ್ಮಲ್ಲಿ ಓಡೋ ಅಭ್ಯಾಸ ಯಾರಿಗಿದೆ ಅಂತ ಕೇಳಿದರು. ಎಲ್ಲರೂ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ಸಂಜೆ ರೈಲು ಹಿಡಿಯೋಕೆ ನಾನು ಟಿಫನ್ ಕ್ಯಾರಿಯರ್ ಎದೆಗವಚಿಕೊಂಡು ಸ್ಟೇಷನ್ನಿನ ತನಕ ಓಡೋದು ಇಡೀ ಫ್ಯಾಕ್ಟರಿಗೆ ಗೊತ್ತಿತ್ತು.

ಮ್ಯಾನೇಜರು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ವಾಚು ಪಾಸಾದರೆ ಈ ಮೇಜು ನಿಮ್ಮದೇ, ಆಗದಿದ್ದರೆ ವಾಪಸ್ ಬೆಲ್ಟಿನ ಬೆಂಚಿಗೆ ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯ್ತು. ಮಾಡೇ ತೀರ್ತೀನಿ ಸಾರ್ ಅಂದೆ. ಮನೆಗೆ ಬಂದು ಹೆಂಡತಿಗೂ ಎದೆ ಉಬ್ಬಿಸಿ ಅದನ್ನೇ ಹೇಳಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡೀತಾ ತಲೆ ಎತ್ತದೆ ಅಂದಳು:

"ಓಡೋರಿಗೆ ವಾಚು ಯಾಕ್ರೀ? ವಾಚು ನೋಡ್ಕೊಂಡು ಹೊರಟಿದ್ರೆ ಓಡೋದೇ ಬೇಕಾಗಿರ್ಲಿಲ್ವಲ್ಲ."

೨. ಕೋಲಾರದ ಬೇಡಿಕೆಗಳು

ಓಡೋರಿಗೆ ಏನು ಬೇಕು ಅಂತ ಮೊದಲು ಅವರನ್ನೇ ಕೇಳಬೇಕು. ಬೆಂಗಳೂರಿನ ಪಾರ್ಕಿನಲ್ಲಿ ಕೇಳೋಕೆ ಹೋದೆ. ನಾನು "ನಮಸ್ಕಾರ" ಅನ್ನೋಷ್ಟರಲ್ಲಿ ಅವರು ಮೂಲೆ ತಿರುಗಿರ್ತಿದ್ದರು. ಹಿಂದೆ ಓಡಿ ಕೇಳೋಣ ಅಂದರೆ ನನ್ನ ದಮ್ಮು ಸ್ಟೇಷನ್ನಿನ ತನಕ ಮಾತ್ರ. ಅದಕ್ಕೇ ರಜದ ದಿನ ಕೋಲಾರಕ್ಕೆ ಹೋದೆ. ಅಲ್ಲಿನ ಕಾಲೇಜು ಮೈದಾನದಲ್ಲಿ ಒಳ್ಳೊಳ್ಳೆ ಓಟಗಾರರಿದ್ದರು, ಟೀ ಕೊಡಿಸ್ತೀನಿ ಅಂದರೆ ನಿಲ್ಲುತ್ತಲೂ ಇದ್ದರು.

ಒಬ್ಬ ತಾರೀಕು ಬೇಕು ಅಂದ. ಇನ್ನೊಬ್ಬ ಸಿನಿಮಾ ಥಿಯೇಟರಿನಲ್ಲೂ ಕಾಣೋ ಹಾಗೆ ರೇಡಿಯಂ ಮುಳ್ಳು ಬೇಕು ಅಂದ. ಮೂರನೆಯವನು ವಾಚು ಹೇಗಾದರೂ ಇರಲಿ ಸಾರ್, ಫಾರಿನ್ನಿಂದ ನಮ್ಮ ಮಾವ ಕಳಿಸಿದ್ದು ಅಂತ ಹೇಳ್ಕೊಳ್ಳೋ ಹಾಗಿರಬೇಕು ಅಂದ. ನಿಮ್ಮ ಮಾವ ಎಲ್ಲಿದ್ದಾರಪ್ಪ ಅಂದರೆ ಬಂಗಾರಪೇಟೆಯಲ್ಲಿ ಅಂದ.

ಅವರ ಜೊತೆ ಒಬ್ಬ ಹುಡುಗಿ ಇದ್ದಳು. ವೇಮಗಲ್ ಕಡೆಯ ರೈತರ ಮಗಳು, ಹಾಸ್ಟೆಲಿನಲ್ಲಿದ್ದುಕೊಂಡು ಓದ್ತಿದ್ದಳು. ಓಟದಲ್ಲಿ ಆ ಮೂವರನ್ನೂ ಹಿಂದೆ ಹಾಕೋಳು ಅವಳೇ. ನಿನಗೇನಮ್ಮ ಬೇಕು, ಓಡ್ತಾ ಓಡ್ತಾ ವಾಚಿನಲ್ಲಿ ಏನು ನೋಡ್ತೀಯ ಅಂತ ಕೇಳಿದೆ.

"ಏನೂ ನೋಡಲ್ಲ ಸಾರ್. ಕೈ ನೋಡ್ಕೊಂಡು ಓಡಿದ್ರೆ ಕಾಲು ಯಾರು ನೋಡ್ಕೋತಾರೆ?"

ನನ್ನ ಉತ್ಸಾಹಕ್ಕೆ ತಣ್ಣೀರು ಬಿತ್ತು. ಆದರೂ ಬಿಡಲಿಲ್ಲ. ಕಾಲು ನೋಡ್ಕೊಂಡೇ ಕಣ್ಣಂಚಿನಲ್ಲಿ ಕಾಣೋ ಹಾಗೆ ಅಂಕಿಗಳನ್ನು ದಪ್ಪಗೆ ಬರೆದೆ. ಎಷ್ಟು ದಪ್ಪ ಅಂದರೆ, ಮ್ಯಾನೇಜರು ಡ್ರಾಯಿಂಗ್ ನೋಡಿ ಇದು ಕೈಗೆ ಕಟ್ಟೋದೋ ಗೋಡೆಗೆ ಹಾಕೋದೋ ಅಂತ ಕೇಳಿದರು.

೩. ಮುಳಬಾಗಿಲಿನ ಪರೀಕ್ಷೆ

ಅಂಕಿ ಸ್ವಲ್ಪ ಸಣ್ಣ ಮಾಡಿ ಎರಡು ಮಾದರಿ ವಾಚು ಮಾಡಿಸಿದೆ. ಬೆಲ್ಟು ನಾನೇ ಹಾಕಿದೆ, ಬೇರೆಯವರಿಗೆ ಕೊಡೋಕೆ ಮನಸ್ಸು ಬರಲಿಲ್ಲ. ಒಂದನ್ನು ಮುಳಬಾಗಿಲಿಗೆ ತಗೊಂಡು ಹೋದೆ. ಅಲ್ಲಿ ಲಾರಿ ಆಫೀಸಿನಲ್ಲಿ ಕೆಲಸಕ್ಕಿದ್ದ ಒಬ್ಬ ಯುವಕ ದಿನಾ ಬೆಳಿಗ್ಗೆ ಬೆಟ್ಟದ ಸುತ್ತ ಓಡ್ತಾನೆ ಅಂತ ಕೇಳಿದ್ದೆ. ಅವನಿಗೆ ವಾಚು ಕೊಟ್ಟು, ನೋಡಪ್ಪ, ನೀರು ಬಿದ್ದರೂ ಇದಕ್ಕೆ ಏನೂ ಆಗಲ್ಲ, ಹೆದರಬೇಡ, ಚೆನ್ನಾಗಿ ಗೋಳು ಹುಯ್ಕೋ, ಅಂತ ಅವರ ಅಜ್ಜಿಯ ಎದುರಿಗೇ ಹೇಳಿ ಬಂದೆ.

ಕೆಲವು ವಾರ ಬಿಟ್ಟು ಹೋದೆ. ಯುವಕನ ಕೈ ಬರಿದಾಗಿತ್ತು. ವಾಚೆಲ್ಲಪ್ಪ ಅಂದರೆ ಅಜ್ಜೀನ ಕೇಳಿ ಅಂದ. ಅಜ್ಜಿ ನನ್ನನ್ನು ದೇವರ ಮನೆಗೆ ಕರೆದುಕೊಂಡು ಹೋದರು. ದೇವರ ಪಟಗಳ ಮುಂದೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ನನ್ನ ವಾಚು, ಗಾಜಿನ ಮೇಲೆ ಅರಿಶಿನ ಕುಂಕುಮ, ಮೇಲೊಂದು ಕಣಗಲೆ ಹೂವು.

ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡದೆ ಇರೋಕಾಗುತ್ತಾ ಅಂತ ಅಜ್ಜಿ ಕೇಳಿದರು. ಆಗಲ್ಲ, ಒಪ್ಪಿದೆ. ಬೇರೆ ವಾಚಾಗಿದ್ದರೆ ಕುಂಕುಮ ಇಟ್ಟು ಬಿಡ್ತಿದ್ದರಂತೆ. ನೀರು ಬಿದ್ದರೂ ಏನೂ ಆಗಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆನಲ್ಲ, ಅದಕ್ಕೇ ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ, ಎಲ್ಲಾ ಹಾಕಿ ಪೂರ್ತಿ ಪಂಚಾಮೃತದ ಅಭಿಷೇಕ ಮಾಡಿಬಿಟ್ಟಿದ್ದರು. ನಾನು ವಾಚು ಎತ್ತಿ ಕಿವಿಗಿಟ್ಟೆ. ಸದ್ದಿಲ್ಲ. ಅಜ್ಜಿ ಸಮಾಧಾನ ಹೇಳಿದರು:

"ಎರಡು ದಿನ ಒಂದೇ ಸಮ ಟಿಕ್ ಟಿಕ್ ಅಂತಿತ್ತು ಕಣಪ್ಪ. ದೇವರ ದಯೆ, ಈಗ ಶಾಂತವಾಗಿದೆ."

ಫ್ಯಾಕ್ಟರಿಯಲ್ಲಿ ಬಿಚ್ಚಿ ನೋಡಿದೆ. ನೀರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ, ಅದೊಂದು ಸಂತೋಷ. ಕೀ ಕೊಡೋ ತಿರುಪಿನ ಸಂದಿಯಿಂದ ಜೇನುತುಪ್ಪ ಹೋಗಿತ್ತು, ಅದರ ಹಿಂದೆ ಇರುವೆ ಹೋಗಿತ್ತು. ಸರಿ, ಇರುವೇನೂ ಹೋಗದ ಹಾಗೆ ಮಾಡ್ತೀನಿ ನೋಡ್ತಿರಿ ಅಂತ ಹಲ್ಲು ಕಚ್ಚಿ ತಿರುಪಿಗೆ ಇನ್ನೊಂದು ರಬ್ಬರ್ ವಾಷರ್ ಕೂರಿಸಿದೆ. ಯಾಕೆ ಅಂತ ಮ್ಯಾನೇಜರು ಕೇಳಿದರು. ದೇವರ ಕೆಲಸ ಸಾರ್ ಅಂದೆ.

೪. ಶ್ರೀನಿವಾಸಪುರದ ಕರೆಕ್ಟ್ ಟೈಮು

ಉಳಿದಿದ್ದು ಒಂದೇ ಮಾದರಿ. ಇದನ್ನು ಯಾರ ಕೈಗೂ ಕೊಡಬಾರದು ಅಂತ ತೀರ್ಮಾನ ಮಾಡಿ ಶ್ರೀನಿವಾಸಪುರಕ್ಕೆ ಹೋದೆ. ಅಲ್ಲೊಬ್ಬ ಡ್ರಿಲ್ ಮೇಷ್ಟ್ರು ಇದ್ದರು, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಮಾವಿನ ಮಂಡಿಯಲ್ಲಿ ಕೆಲಸ ಮಾಡೋ ಒಬ್ಬ ಯುವಕನನ್ನು ಅವರು ಓಟಕ್ಕೆ ತಯಾರು ಮಾಡ್ತಿದ್ದರು. ಅವನು ಬಸ್ ಸ್ಟ್ಯಾಂಡಿನಿಂದ ಹೊರಟು ಗೌನಿಪಲ್ಲಿ ರಸ್ತೆಯ ಮಾವಿನ ತೋಪಿನ ತನಕ ಓಡೋದು. ಹೊರಟ ಟೈಮು ಮೇಷ್ಟ್ರು ತಮ್ಮ ವಾಚಿನಲ್ಲಿ ನೋಡೋದು, ಮುಟ್ಟಿದ ಟೈಮು ತೋಪಿನ ಹತ್ತಿರ ನಾನು ನನ್ನ ವಾಚಿನಲ್ಲಿ ನೋಡೋದು.

ಯುವಕ ಬಂದು ಮುಟ್ಟಿದ. ಆಮೇಲೆ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ಇಬ್ಬರೂ ಕೂತು ಕಳೆದು ನೋಡಿದೆವು. ಲೆಕ್ಕದ ಪ್ರಕಾರ ಯುವಕ ಬಸ್ ಸ್ಟ್ಯಾಂಡ್ ಬಿಡೋ ಮುಂಚೇನೇ ತೋಪು ಮುಟ್ಟಿದ್ದ. ಅವನು ಬೆವರು ಒರೆಸ್ಕೋತಾ, ಹಂಗಾದ್ರೆ ನನ್ನ ಸ್ಟೇಟ್ ಲೆವೆಲ್ಲಿಗೆ ಕಳಿಸ್ತಾರಾ ಸಾರ್ ಅಂತ ಕೇಳಿದ.

ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದು ನೋಡಿ, ಮೀ ವಾಚು ಸ್ಲೋ ಉಂದಿ ಸಾರ್ ಅಂದರು. ನನ್ನ ವಾಚು ಹಿಂದೆ ಅಂತೆ, ನನಗೆ ಪಿತ್ತ ನೆತ್ತಿಗೇರಿತು. ಆಕಾಶವಾಣಿ ಹಿಡ್ಕೊಂಡು ಮುಳ್ಳು ಕೂರಿಸಿದ್ದೀನ್ರೀ ಅಂದೆ. ಕೆದಕಿ ಕೇಳಿದ ಮೇಲೆ ವಿಷಯ ಹೊರಬಿತ್ತು. ಸ್ಕೂಲಿಗೆ ತಡ ಆಗಬಾರದು ಅಂತ ಮೇಷ್ಟ್ರ ಹೆಂಡತಿ ಮನೆಯ ಗಡಿಯಾರ, ಗಂಡನ ವಾಚು, ಎರಡನ್ನೂ ಕಾಲು ಗಂಟೆ ಮುಂದೆ ಇಟ್ಟಿದ್ದರು. ಅದರಲ್ಲೇನಿದೆ ಸಾರ್, ನಮ್ಮ ಬೀದಿಯಲ್ಲಿ ಎಲ್ಲರ ಮನೇಲೂ ಹಂಗೇ ಅಂದರು ಮೇಷ್ಟ್ರು. ನಮ್ಮ ಮನೇಲೂ ಹಾಗೇ ಅನ್ನೋದು ಆಗ ನನಗೆ ನೆನಪಾಯ್ತು. ಅಷ್ಟರಲ್ಲಿ ಅವರು ನನ್ನ ಪಾಡು ನೋಡಿ ಮರುಗಿ, ವಾಚು ಬಿಚ್ಚಿಸಿಕೊಂಡು, ಮುಳ್ಳು ಕಾಲು ಗಂಟೆ ಮುಂದಕ್ಕೆ ತಿರುಗಿಸಿ ವಾಪಸ್ ಕಟ್ಟಿದರು.

"ಇಪ್ಪುಡು ಕರೆಕ್ಟ್ ಸಾರ್. ಇನ್ನು ಧೈರ್ಯವಾಗಿ ಮಾರಿ."

ಎರಡು ವಾಚಿನ ಸಹವಾಸವೇ ಬೇಡ ಅಂತ ಆವತ್ತೇ ಬಸ್ಸಿನಲ್ಲಿ ಕೂತು ಹೊಸ ಡ್ರಾಯಿಂಗ್ ಹಾಕಿದೆ. ಗಾಜಿನ ಸುತ್ತ ತಿರುಗೋ ಒಂದು ಬಳೆ, ಬಳೆ ಮೇಲೊಂದು ಕೆಂಪು ಗುರುತು. ಓಟ ಶುರುವಾದಾಗ ಗುರುತನ್ನ ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿದರೆ ಆಯ್ತು. ವಾಚು ಹಿಂದಿರಲಿ ಮುಂದಿರಲಿ, ಎಷ್ಟು ನಿಮಿಷ ಓಡಿದೆವು ಅಂತ ಗೊತ್ತಾಗುತ್ತೆ.

೫. ಹೋಳೂರು ರಸ್ತೆಯ ಓಟ

ಬಳೆ ಇರೋ ನಾಲ್ಕು ವಾಚು ತಯಾರಾದವು. ಕೊನೇ ಪರೀಕ್ಷೆ ಕಣ್ಣಾರೆ ನೋಡಬೇಕು ಅಂತ ಮ್ಯಾನೇಜರೇ ಕೋಲಾರಕ್ಕೆ ಬಂದರು. ಇಸ್ತ್ರಿ ಮುರಿಯದ ಸಫಾರಿ ಸೂಟು, ಅಂಬಾಸಿಡರ್ ಕಾರು. ನಾಳೆ ಮೇಲಿನವರಿಗೆ ರಿಪೋರ್ಟ್ ಕೊಡಬೇಕು ಕಣ್ರೀ, ಇವತ್ತು ವಾಚು ಕೈಯಲ್ಲಿ ಓಡಿದರೆ ಓಡ್ತು, ಇಲ್ಲದಿದ್ದರೆ ಇಲ್ಲಿಗೇ ಮುಚ್ಚಿಬಿಡೋಣ ಅಂದರು. ನನ್ನ ಮೇಜು, ಮೇಜಿನ ಮೇಲಿನ ದೀಪ ಎಲ್ಲಾ ಕಣ್ಣ ಮುಂದೆ ಬಂತು.

ಕಾಲೇಜಿನ ಆ ಮೂವರು ಮತ್ತೆ ವೇಮಗಲ್ಲಿನ ಹುಡುಗಿ ಓಡೋದು ಅಂತ ಆಯ್ತು. ಊರಾಚೆ ಹೋಳೂರು ರಸ್ತೆಯಲ್ಲಿ ನಿಲ್ಲಿಸಿ, ನಾಲ್ವರ ಕೈಗೂ ನಾನೇ ವಾಚು ಕಟ್ಟಿ, ಬಳೆ ತಿರುಗಿಸೋದು ಹೇಳಿಕೊಟ್ಟೆ. ಕಾರನ್ನು ಓಟ ಮುಗಿಯೋ ಮೈಲಿಗಲ್ಲಿನ ಹತ್ತಿರ ಮೊದಲೇ ಕಳಿಸಿದ್ದೆವು. ಕರವಸ್ತ್ರ ಕೆಳಗೆ ಬಿಟ್ಟ ತಕ್ಷಣ ಓಡಿ ಅಂತ ಹೇಳಿ ಮ್ಯಾನೇಜರು ಕೈ ಎತ್ತಿದರು.

ಆಗ ಆ ಹುಡುಗಿ ಗೆರೆ ಬಿಟ್ಟು ಬಂದಳು. ವಾಚು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಮ್ಯಾನೇಜರಿಗೆ ಕೊಟ್ಟು, "ಸಾರ್, ಸ್ವಲ್ಪ ಇಟ್ಕೊಂಡಿರಿ" ಅಂದಳು.

ನಮ್ಮ ಕಡೆ ಇದು ಪದ್ಧತಿ. ಕಬಡ್ಡಿ ಇರಲಿ, ಖೋಖೋ ಇರಲಿ, ಆಟಕ್ಕೆ ಇಳಿಯೋ ಮುಂಚೆ ವಾಚು ಬಿಚ್ಚಿ ಅಲ್ಲಿರೋರಲ್ಲಿ ಗೌರವಸ್ಥರು ಯಾರೋ ಅವರ ಕೈಗೆ ಕೊಡೋದು. ಬಿದ್ದು ಒಡೆದುಹೋದರೆ, ಬೆವರಿಗೆ ಹಾಳಾದರೆ ಮನೇಲಿ ಸುಮ್ಮನೆ ಬಿಡ್ತಾರಾ? ಅವಳನ್ನು ನೋಡಿ ಉಳಿದ ಮೂವರೂ ಸರಸರ ಬಿಚ್ಚಿ ಕೊಟ್ಟರು. ಸುತ್ತ ಇದ್ದವರಲ್ಲಿ ಗೌರವಸ್ಥರು ನಾನಲ್ಲ ಅನ್ನೋದು ಅವರಿಗೆ ಕೇಳದೇ ಗೊತ್ತಿತ್ತು. ಮ್ಯಾನೇಜರು ಗಾಬರಿಯಲ್ಲಿ, ಕೆಳಗೆ ಬೀಳಿಸಬಾರದು ಅಂತ, ಈ ಕೈಗೆ ಎರಡು ಆ ಕೈಗೆ ಎರಡು ಕಟ್ಟಿಕೊಂಡರು. ಕಟ್ಟಿಕೊಳ್ಳೋ ಗಡಿಬಿಡಿಯಲ್ಲಿ ಕರವಸ್ತ್ರ ಜಾರಿ ಬಿತ್ತು. ನಾಲ್ವರೂ ಓಡಿಬಿಟ್ಟರು.

"ನಿಲ್ರಪ್ಪೋ, ವಾಚು ಕಟ್ಕೊಳ್ರಪ್ಪೋ" ಅಂತ ಮ್ಯಾನೇಜರು ಹಿಂದೆ ಓಡಿದರು. ಹುರಿದುಂಬಿಸ್ತಿದ್ದಾರೆ ಅಂದುಕೊಂಡು ಆ ನಾಲ್ವರೂ ಇನ್ನೂ ಜೋರಾಗಿ ಓಡಿದರು. ಮ್ಯಾನೇಜರ ಹಿಂದೆ ನಾನು. ಎದುರಿಂದ ಬಂದ ಬಸ್ಸಿಗೆ ದಾರಿ ಬಿಡೋಕೆ ಹೋಗಿ ಮ್ಯಾನೇಜರು ಹಿಪ್ಪುನೇರಳೆ ತೋಟದ ಕಾಲುವೆಗೆ ದಬಕ್ಕಂತ ಬಿದ್ದರು. ಎಬ್ಬಿಸೋಕೆ ಹೋದೆ. ಬಿಡ್ರಿ, ಟೆಸ್ಟ್ ಆಗದೆ ನಾನು ಬೆಂಗಳೂರಿಗೆ ಹೋಗಲ್ಲ ಅಂತ ನನ್ನ ಕೈ ಕೊಡವಿ ಮತ್ತೆ ಓಡಿದರು. ಹಠದಲ್ಲಿ ನನಗೂ ಒಬ್ಬ ಅಪ್ಪ ಇದ್ದಾನೆ ಅಂತ ಆವತ್ತು ಗೊತ್ತಾಯ್ತು.

ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ತಲೆ ಎತ್ತಿ ನೋಡಿದರು. ಮೈಯೆಲ್ಲ ಕೆಸರಾದ ಒಬ್ಬ ಮನುಷ್ಯ, ಎರಡೂ ಕೈಗೆ ಎರಡೆರಡು ವಾಚು, ಎದ್ದೆನೋ ಬಿದ್ದೆನೋ ಅಂತ ಓಟ. ಹಿಂದೆ ಏದುಸಿರು ಬಿಡ್ತಾ, ನಿಲ್ಲಿ ನಿಲ್ಲಿ ಅಂತ ಕೂಗೋ ನಾನು. ಅವರ ತಪ್ಪೇನಿದೆ? ವಾಚು ಕಳ್ಳ, ಹಿಡೀರ್ಲಾ ಅಂತ ಒಬ್ಬರು ಕೂಗಿದರು. ಕುಡುಗೋಲು ಹಿಡಿದ ಹೆಂಗಸರು, ಕೋಲು ಹಿಡಿದ ಗಂಡಸರು ರಸ್ತೆಗೆ ಹತ್ತಿದರು. ಕಳ್ಳ ಅಲ್ರೋ, ಅವರು ನಮ್ಮ ಮ್ಯಾನೇಜರು ಅಂದೆ. ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು. ಮ್ಯಾನೇಜರು ಒಂದು ಸಲ ತಿರುಗಿ ನೋಡಿದರು. ಅಲ್ಲಿಂದ ಮುಂದೆ ಅವರು ಓಡಿದ ಓಟ ಇದೆಯಲ್ಲ, ಅಂಥ ಓಟವನ್ನ ನಾನು ಆ ಕಾಲೇಜು ಮೈದಾನದಲ್ಲೂ ನೋಡಿರಲಿಲ್ಲ.

ಮೈಲಿಗಲ್ಲಿನ ಹತ್ತಿರ ಮೊದಲು ಮುಟ್ಟಿದ ಹುಡುಗಿ ಕೂತು ಮಜ್ಜಿಗೆ ಕುಡೀತಿದ್ದಳು. ಉಳಿದವರು ಪಕ್ಕದಲ್ಲಿದ್ದರು. ಮ್ಯಾನೇಜರು ಬಂದು ಮೈಲಿಗಲ್ಲು ತಬ್ಬಿಕೊಂಡು ಕುಸಿದರು. ನಾನು ಜನಕ್ಕೆ ಕೈ ಮುಗಿದು ವಿಷಯ ಹೇಳಿದೆ. ಅವರು ಪಾಪ ಪೇಚಾಡಿಕೊಂಡು ನೀರು ತಂದರು. ಕೋಲು ಹಿಡಿದಿದ್ದ ಒಬ್ಬರು, ತಪ್ಪು ತಿಳೀಬೇಡಿ ಸ್ವಾಮಿ, ಆದರೆ ಓಟ ಮಾತ್ರ ಚೆನ್ನಾಗಿತ್ತು ಅಂದರು. ನನ್ನ ಕಥೆ ಮುಗೀತು, ನಾಳೆಯಿಂದ ಬೆಲ್ಟಿನ ಬೆಂಚೇ ಗತಿ ಅಂತ ನಾನು ತಲೆ ತಗ್ಗಿಸಿ ನಿಂತೆ.

ಮ್ಯಾನೇಜರು ಉಸಿರು ಹಿಡಿತಕ್ಕೆ ಬಂದ ಮೇಲೆ ಕೈಗಳನ್ನು ನೋಡಿಕೊಂಡರು. ಒಂದೊಂದೇ ವಾಚಿನ ಕೆಸರು ಒರೆಸಿದರು. ಒಂದೊಂದನ್ನೇ ಕಿವಿಗಿಟ್ಟು ಕೇಳಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ನಾಲ್ಕೂ ನಡೀತಾ ಇವೆ ಕಣ್ರೀ. ಬೆವರು ಆಯ್ತು, ನೀರು ಆಯ್ತು, ಬಿದ್ದಿದ್ದೂ ಆಯ್ತು. ಪಾಸು. ಆ ಮೇಜು ನಿಮ್ಮದೇ."

ನನಗೆ ಕಣ್ಣು ತುಂಬಿ ಬಂತು. ಅವರು ಎದ್ದು ನಿಂತು, ಓಡಿದ ನಾಲ್ವರಿಗೂ ಆ ವಾಚುಗಳನ್ನೇ ಬಹುಮಾನ ಅಂತ ಕೊಟ್ಟರು. ಮೂವರು ಥ್ಯಾಂಕ್ಸ್ ಹೇಳಿದರು. ವೇಮಗಲ್ಲಿನ ಹುಡುಗಿ ಮಾತ್ರ ತನ್ನ ವಾಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಬೆಲ್ಟಿನ ಕೆಸರನ್ನು ದುಪ್ಪಟ್ಟದ ತುದಿಯಿಂದ ಒರೆಸಿದಳು, ಮ್ಯಾನೇಜರ ಮುಖ ನೋಡಿದಳು. ಬೇಜಾರಾಗಿತ್ತು ಅವಳಿಗೆ.

"ಜೋಪಾನವಾಗಿ ಇಟ್ಕೊಂಡಿರಿ ಅಂತ ತಾನೆ ಸಾರ್ ಕೊಟ್ಟಿದ್ದು? ವಾಚು ಕಟ್ಕೊಂಡು ಯಾರಾದ್ರೂ ಓಡ್ತಾರಾ?"