ಎಳೆಯುವ ಮನೆ, ಹೊರುವ ಮನೆ

ಕ್ಯಾಂಪಿನಲ್ಲಿ ಸರೋವರದ ದಂಡೆಗಿದ್ದ ಒಂದೇ ಒಂದು ಜಾಗ ಹಿಡಿಯಲೆಂದು ಆರ್ವಿಲ್ ನಸುಕಿಗೇ ಎದ್ದು ಮೊಂಟಾನಾದ ಬೆಟ್ಟಗಳನ್ನು ಹತ್ತಿಳಿದು ಬಂದಿದ್ದ. ಬಾಗಿಲು ತೆರೆದರೆ ನೀರು, ಗಾಳ ಹಾಕಿದರೆ ಮೀನು. ಜಾಗವೇನೋ ಖಾಲಿಯೇ ಇತ್ತು. ಆದರೆ ಪಿಕಪ್ಪಿನ ಹಿಂದೆ ಎಳೆದು ತಂದ ಟ್ರೇಲರ್ ಮನೆಯನ್ನು ಹಿಮ್ಮುಖವಾಗಿ ಅದರೊಳಗೆ ತೂರಿಸಬೇಕಿತ್ತಲ್ಲ, ಅಲ್ಲೇ ವಕ್ಕರಿಸಿತು ಗ್ರಹಚಾರ.

ಹಾಳಾದ್ದು, ಅತ್ತ ತಿರುಗಿಸಿದರೆ ಇತ್ತ ಹೋಗುತ್ತಿತ್ತು. ಹೆಂಡತಿ ಲೊರೇನ್ ಹಿಂದೆ ನಿಂತು ಕೈ ಬೀಸುತ್ತಿದ್ದಳು. ಅಷ್ಟರಲ್ಲಿ ಕ್ಯಾಂಪಿನ ಜನವೆಲ್ಲ ಕಾಫಿ ಲೋಟ ಹಿಡಿದು, ಮಡಚುವ ಕುರ್ಚಿ ಹೊತ್ತು ಬಂದು ಸಾಲಾಗಿ ಕೂತರು.

“ಎಡಕ್ಕೆ ಆರ್ವಿಲ್, ಎಡಕ್ಕೆ!” ಎಂದು ಕೂಗಿದಳು ಲೊರೇನ್.

“ಯಾರ ಎಡ? ನಂದಾ, ನಿಂದಾ?”

“ಬಲಕ್ಕೆ ಹೊಡೀರಿ ಸ್ವಾಮಿ,” ಎಂದ ಹುಲ್ಲು ಟೋಪಿಯ ಮುದುಕ. “ಇವತ್ತೇ ಮುಗಿಯುತ್ತಾ? ಇಲ್ಲಾಂದ್ರೆ ಊಟ ತರಿಸ್ತೀನಿ.”

ಟ್ರೇಲರ್ ಪೈನ್ ಮರಕ್ಕೆ ಗುದ್ದಿತು. ಆರ್ವಿಲ್ಲನ ಪಿತ್ತ ನೆತ್ತಿಗೇರಿತು.

ಶೌಚಾಲಯದ ಪಕ್ಕ ಬಿಡಾರ ಹೂಡಿದ್ದ ಬಾಮೈದ ಡೆಲ್ಬರ್ಟ್ ನಗುತ್ತ ಬಂದ. “ನನ್ನ ಹಾಗೆ ಮನೇನ ಪಿಕಪ್ಪಿನ ಬೆನ್ನ ಮೇಲೇ ಹೊರಿಸ್ಕೊ ಅಂತ ಬಡ್ಕೊಂಡೆ. ಕೇಳಿದ್ಯಾ ಭಾವ?”

“ಹಾಗಾದ್ರೆ ತಗೋ ಬೀಗದ ಕೈ! ನಿನ್ನ ಗಾಡಿ ನಂಗೆ ಕೊಡು. ಭಾನುವಾರದ ತನಕ ಈ ದರಿದ್ರ ಡಬ್ಬದ ಮುಖ ನೋಡಿದ್ರೆ ಕೇಳು!” ಎಂದು ಅಷ್ಟೂ ಜನರೆದುರು ಅರಚಿದ ಆರ್ವಿಲ್.

ಡೆಲ್ಬರ್ಟನ ಗಾಡಿಯಲ್ಲಿ ಏಣಿ ಹತ್ತಿ ಅಟ್ಟದಲ್ಲಿ ಮಲಗಲು ಮಂಡಿ ಒಪ್ಪುವುದಿಲ್ಲವೆಂದು ಲೊರೇನ್ ತಮ್ಮನ ಜೊತೆ ಟ್ರೇಲರಿನಲ್ಲೇ ಉಳಿದಳು. ಅಕ್ಕ ತಮ್ಮ ಅದನ್ನು ಶೌಚಾಲಯದ ಪಕ್ಕಕ್ಕೆ ಒಯ್ದರು.

ಆರ್ವಿಲ್ ಡೆಲ್ಬರ್ಟನ ಗಾಡಿಯನ್ನು ಒಂದೇ ಏಟಿಗೆ ದಂಡೆಗೆ ತಂದು ನಿಲ್ಲಿಸಿದ. ಎರಡು ಕುರ್ಚಿ ಬಿಡಿಸಿಟ್ಟು ಗಾಳದ ಕೋಲು ತರುವಷ್ಟರಲ್ಲಿ ಮುದುಕ ಒಂದರಲ್ಲಿ ಕೂತು, ಇನ್ನೊಂದರ ಮೇಲೆ ಕಾಲಿಟ್ಟು, ಮೀನು ಹಿಡಿಯುವುದು ಹೇಗೆಂದು ಉಪದೇಶ ಶುರುಮಾಡಿದ್ದ.

“ಏಳ್ರೀ ಮೇಲೆ!” ಆರ್ವಿಲ್ ಕುರ್ಚಿಗಳನ್ನು ಕಿತ್ತು ಒಳಗೆಸೆದ. ನೋಡಿದರೆ ಗಾಳಕ್ಕೆ ಹುಳುವೇ ಇಲ್ಲ. ಬೈದುಕೊಳ್ಳುತ್ತಲೇ ಪಿಕಪ್ ಹತ್ತಿ ಅಂಗಡಿಗೆ ಹೊರಟ. ಮನೆಯೂ ಬೆನ್ನ ಮೇಲೆ ಕೂತು ಜೊತೆಗೇ ಹೊರಟಿತು.

ಹುಳು ತಂದು ನೋಡುತ್ತಾನೆ, ದಂಡೆಯ ಮೇಲೆ ಅವನದೇ ಟ್ರೇಲರ್! ದಾರ ಹಿಡಿದು ನಿಲ್ಲಿಸಿದಷ್ಟು ನೆಟ್ಟಗೆ. ಲೊರೇನ್ ಅದರ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು.

“ಇದು ನನ್ನ ಜಾಗ ಕಣೋ ಕಳ್ಳ!”

“ನಿಂದು ಅನ್ನೋಕೆ ಇಲ್ಲೇನಿತ್ತು ಭಾವ?” ಎಂದ ಡೆಲ್ಬರ್ಟ್. “ಖಾಲಿ ಇದ್ರೆ ಬಂದವರದ್ದು. ಒಂದು ಕುರ್ಚಿನಾದ್ರೂ ಬಿಟ್ಟು ಹೋಗಬಾರದಾ?”

“ಕೊಡು ನನ್ನ ಬೀಗದ ಕೈ!”

“ಭಾನುವಾರದ ತನಕ ಅಂದೋನು ನೀನೇ. ಇಷ್ಟು ಜನ ಸಾಕ್ಷಿ.”

ಕುರ್ಚಿಗಳೆಲ್ಲ ತಲೆಯಾಡಿಸಿದವು. ಆರ್ವಿಲ್ ಹಲ್ಲು ಕಡಿದ. “ಹೋಗಲಿ, ಇದನ್ನ ಹೇಗೋ ತೂರಿಸ್ದೆ?”

“ಅಕ್ಕ ಎಡಕ್ಕೆ ಅಂದ್ಲು, ತಿರುಗಿಸ್ದೆ. ಒಂದೇ ಸಲಕ್ಕೆ. ಜನ ಚಪ್ಪಾಳೆ ಹೊಡೆದ್ರು.”

ಆ ಚಪ್ಪಾಳೆ ಆರ್ವಿಲ್ಲನನ್ನು ಸುಟ್ಟಷ್ಟು ಬೇರೇನೂ ಸುಡಲಿಲ್ಲ. ಉಳಿದಿದ್ದು ಶೌಚಾಲಯದ ಪಕ್ಕದ ಜಾಗವೊಂದೇ. ಅಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಲೊರೇನ್ ಪಾಪವೆನಿಸಿ ಎದ್ದು ಬಂದಳು.

“ಎಡಕ್ಕೆ, ಆರ್ವಿಲ್!”

ಅವನು ಗಾಜು ಏರಿಸಿ, ಹಟ ಹಿಡಿದು ಬಲಕ್ಕೆ ತಿರುಗಿಸಿದ. ಶೌಚಾಲಯದ ಗೋಡೆ ಢಬ್ ಎಂದಿತು. ಒಳಗಿಂದ ಯಾರೋ ಕಿರುಚಿದರು.

ದಂಡೆಯ ಬಳಿ ಹುಲ್ಲು ಟೋಪಿಯ ಮುದುಕ ಎದ್ದು, ಕುರ್ಚಿ ಮಡಚಿ ಶೌಚಾಲಯದತ್ತ ಹೊರಟ. “ನಡೀರಿ, ನಡೀರಿ,” ಎಂದ, “ಬೇಗ ಹೋಗಿ ಜಾಗ ಹಿಡೀರಿ!”