ಇಳಿದ ಬೆಲೆಗೆ ಒಂದು ಊಟ

ನಮ್ಮ ಮನೆಗೆ ಲ್ಯಾಪ್‌ಟಾಪ್ ಬಂದ ಮೇಲೆ ನನಗೊಬ್ಬಳು ಸವತಿ ಬಂದಂತಾಯಿತು ಎಂದರೆ ಸವತಿಯರಿಗೆ ಅವಮಾನ. ಸವತಿಯಾಗಿದ್ದರೆ ಒಂದು ಕಡಿ ತೆಂಗಿನಕಾಯಿಯನ್ನಾದರೂ ತುರಿದು ಕೊಡುತ್ತಿದ್ದಳು.

ನಮ್ಮವರು, ಅಂದರೆ ಕಾನಸೂರಿನ ಗಣಿತದ ಮಾಸ್ತರು ಕಮಲಾಕರ ಹೆಗಡೆಯವರು, ಅದನ್ನು ತಂದದ್ದು ತಮ್ಮ ವಂಶದ ಚರಿತ್ರೆ ಬರೆಯಲು. ಸದ್ಯಕ್ಕೆ ಅದರಲ್ಲಿ ಇಸ್ಪೀಟು ಆಡುತ್ತಿದ್ದಾರೆ. (ವಂಶ ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತದೆ.) ಬೆಳಿಗ್ಗೆ ಎದ್ದು ಮೆತ್ತನೆಯ ಬಟ್ಟೆಯಿಂದ ಅದರ ಮುಖ ಒರೆಸುತ್ತಾರೆ. ಮದುವೆಯಾದಂದಿನಿಂದ ಈ ಮನೆಯಲ್ಲಿ ಅವರು ಒರೆಸಿದ ಮೊದಲ ವಸ್ತು ಅದು.

ಇತ್ತ ನನ್ನ ಮಿಕ್ಸಿ ಸುಟ್ಟುಹೋಗಿ ನಾನು ಮತ್ತೆ ಒರಳಿನ ಮುಂದೆ ಕೂತಿದ್ದೆ. ಹೊಸದು ಕೇಳಿದರೆ, "ಒರಳಲ್ಲಿ ರುಬ್ಬಿದ ರುಚಿಯೇ ಬೇರೆ ಮಾರಾಯ್ತಿ" ಎನ್ನುತ್ತಿದ್ದರು. ನಿಜ. ರುಚಿ ನೋಡುವವರೂ ಬೇರೆ, ರುಬ್ಬುವವರೂ ಬೇರೆ.

ಹೀಗಿರುವಾಗ ಶಿರಸಿ ಪೇಟೆಗೆ ಹೋದವಳ ಕಣ್ಣಿಗೆ ಲ್ಯಾಪ್‌ಟಾಪ್ ಕೊಂಡ ಅಂಗಡಿಯ ಹೊಸ ಬೋರ್ಡು ಬಿತ್ತು. ಅದೇ ಲ್ಯಾಪ್‌ಟಾಪ್, ಮೂರು ಸಾವಿರ ಕಡಿಮೆ! ನಾವು ಕೊಂಡು ತಿಂಗಳೂ ಆಗಿರಲಿಲ್ಲ. ತಿಂಗಳೊಳಗೆ ಬೆಲೆ ಇಳಿದರೆ ಹೆಚ್ಚಿಗೆ ಕೊಟ್ಟದ್ದನ್ನು ವಾಪಸು ಕೊಡುವುದಾಗಿ ಅಂಗಡಿಯ ವಿಘ್ನೇಶ್ವರನೇ ಮಾರುವಾಗ ಹೇಳಿದ್ದ. ಮನೆಗೆ ಓಡಿ ಬಂದೆ.

"ನಿಂಗ ಹೋಗಿ ಇಸ್ಕಂಡು ಬನ್ನಿ."

ನಮ್ಮವರು ಇಸ್ಪೀಟಿನ ರಾಣಿಯ ಮೇಲಿಂದ ಕಣ್ಣು ಕೀಳಲಿಲ್ಲ. "ಎಂತದು? ವಿಘ್ನೇಶ್ವರ ನಮ್ಮ ಉಮ್ಮಚಗಿ ದೊಡ್ಡಮ್ಮನ ಮೈದುನನ ಮಗ. ಸಂಬಂಧಿಕರ ಹತ್ರ ದುಡ್ಡು ವಾಪಸ್ ಕೊಡು ಹೇಳಿ ಕೇಳಲೆ ಆಗ್ತಾ? ನಂಗೆ ಮರ್ಯಾದೆ ಇದ್ದು."

"ನಂಗಿಲ್ಲೆ. ಆನೇ ಹೋಗ್ತೆ. ದುಡ್ಡು ಸಿಕ್ರೆ ಮಿಕ್ಸಿ ತರ್ತೆ."

"ತಗಂಡು ಬಾ. ಆದ್ರೆ ಆನು ಕಳ್ಸಿದ್ದು ಹೇಳೂದು ಬ್ಯಾಡ."

ಅಂಗಡಿಯಲ್ಲಿ ವಿಘ್ನೇಶ್ವರ ನನ್ನನ್ನು ಕಂಡದ್ದೇ ಕುರ್ಚಿ ಒರೆಸಿ ಕೂರಿಸಿದ. ವಾದ ಮಾಡಿದ್ದರೆ ಗೆಲ್ಲುತ್ತಿದ್ದೆ. ಬಸ್ಸಿನ ದಾರಿಯುದ್ದಕ್ಕೂ ಸವಾಲು-ಜವಾಬು ಎರಡನ್ನೂ ನಾನೇ ಹೇಳಿಕೊಂಡು ಬಂದಿದ್ದೆ. ಆದರೆ ಅವನು ಒಪ್ಪಿಬಿಟ್ಟ.

"ಅಕ್ಕು ಅತ್ಗೆ, ಕೊಡದೇ ಇರ್ತ್ನಾ? ಆದ್ರೆ ನಮ್ಮ ನಮ್ಮೊಳಗೆ, ಗಿರಾಕಿಗಳ ಎದುರು ದುಡ್ಡು ಎಣಿಸಿ ಕೊಡೂದು ಚಂದ ಕಾಣ್ತಿಲ್ಲೆ. ಆದಿತ್ಯವಾರ ಆನೇ ಮನೆಗೆ ತಂದು ಕೊಡ್ತೆ."

"ಹಂಗಾರೆ ಊಟಕ್ಕೇ ಬಾ" ಎಂದಿತು ನನ್ನ ಬಾಯಿ. (ನನ್ನನ್ನು ಕೇಳಲಿಲ್ಲ. ಅದು ತವರಿನಲ್ಲೇ ತರಬೇತಿ ಪಡೆದು ಬಂದ ಬಾಯಿ.)

ಆದಿತ್ಯವಾರ ಬೆಳಗಿನಿಂದ ಒರಳಿನ ಸೇವೆ. ತಂಬುಳಿಗೆ, ಸೌತೆಕಾಯಿ ಸಾಸಿವೆಗೆ, ಪಾಯಸದ ಕಾಯಿಹಾಲಿಗೆ. ಇದೇ ಕೊನೆಯ ಸಲ ಎಂದು ಗುಂಡುಕಲ್ಲಿಗೆ ಹೇಳುತ್ತಲೇ ತಿರುವಿದೆ. ನಮ್ಮವರು ಬಾಳೆಎಲೆ ಕೊಯ್ದು ತಂದರು. ತಂದದ್ದನ್ನು ಮಧ್ಯಾಹ್ನದವರೆಗೂ ನೆನಪಿಸುತ್ತಿದ್ದರು.

ವಿಘ್ನೇಶ್ವರ ಬಂದ, ಕೂತ, ಉಂಡ. ಪಾಯಸದ ಹೊತ್ತಿಗೆ, "ಸಾಕು ಅತ್ಗೆ, ಬ್ಯಾಡ ಬ್ಯಾಡ" ಎಂದು ಎಲೆಗೆ ಕೈ ಅಡ್ಡ ಹಿಡಿದ. ನಮ್ಮ ಪಂಕ್ತಿಯಲ್ಲಿ ಕೇಳಿದ ಕೂಡಲೇ ಹೂಂ ಎನ್ನುವವನು ಹೊಟ್ಟೆಬಾಕ, ಬೇಡವೆಂದ ಕೂಡಲೇ ಹಿಂದೆ ಸರಿಯುವವಳು ಜಿಪುಣಿ. ಬೆರಳ ಸಂದಿಯಲ್ಲೇ ಸುರಿದೆ. ಅವನು ಪರಮಾನಂದದಿಂದ ಬೆರಳು ನೆಕ್ಕಿದ.

ಜಗುಲಿಯಲ್ಲಿ ಕೂತು ಎಲೆ-ಅಡಿಕೆಯ ಕವಳ ಹಾಕಿದ ಮೇಲೆ ಕಿಸೆಯಿಂದ ಲಕೋಟೆ ತೆಗೆದ. ಅದರೊಳಗೆ ಮಿಕ್ಸಿ ತಿರುಗುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅತ್ಗೆ, ತಗಳಿ. ಮೂರು ಸಾವಿರ ಇದ್ದು."

ಕೈ ಚಾಚಿದರೆ ಮುಗಿಯಿತು. ನನ್ನ ಕೈಗಳು ಸೆರಗಿನೊಳಗೆ ಸೇರಿಕೊಂಡವು. ಬಾಯಿ ಮುಂದೆ ಬಂತು.

"ಛೆ ಛೆ, ಎಂತಕ್ಕೆ ಇದೆಲ್ಲ? ಇರ್ಲಿ ಬಿಡು ತಮಾ."

ಈಗ ಒತ್ತಾಯ ಮಾಡುವ ಸರದಿ ಅವನದು. ಇನ್ನೊಂದೇ ಒಂದು ಸಣ್ಣ ದನಿಯ 'ಬ್ಯಾಡ' ಹೇಳಿ ತೆಗೆದುಕೊಂಡುಬಿಡುವುದೆಂದು ತಯಾರಾಗಿ ನಿಂತೆ. ವಿಘ್ನೇಶ್ವರ ನನ್ನ ಮುಖ ನೋಡಿದ. ಅವನ ಕಣ್ಣು ತೇವವಾಯಿತು.

"ನೋಡು ಕಮಲಾಕರಣ್ಣ, ಈಗಿನ ಕಾಲ್ದಲ್ಲಿ ಬಂದ ದುಡ್ಡು ಬ್ಯಾಡ ಹೇಳೋರು ಯಾರಿದ್ರು? ಅತ್ಗೆ ಮಾತು ಮೀರಲೆ ನಂಗಂತೂ ಆಗ್ತಿಲ್ಲೆ."

ಲಕೋಟೆ ಕಿಸೆಗೆ ಇಳಿಯಿತು.

ಒಂದು ಮಾತಾಡಿ ಎಂದು ಗಂಡನನ್ನು ಕಣ್ಣಲ್ಲೇ ಬೇಡಿಕೊಂಡೆ. ಅವರು ಅಭಿಮಾನದಿಂದ ಉಬ್ಬಿ, "ಇವ್ಳು ಮೊದ್ಲಿಂದ್ಲೂ ಹಂಗೇ. ದುಡ್ಡಿನ ಆಸೆಯೇ ಇಲ್ಲೆ" ಎಂದರು. ಇಷ್ಟು ವರ್ಷಗಳಲ್ಲಿ ನೆಂಟರೆದುರು ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅದೂ ಮೂರು ಸಾವಿರಕ್ಕೆ!

ವಿಘ್ನೇಶ್ವರ ಹೊರಟು ಚಪ್ಪಲಿ ಮೆಟ್ಟುವಾಗ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಹಿಡಿದು ಬಂದೆ.

"ಅಯ್ಯೋ, ಬ್ಯಾಡ ಅತ್ಗೆ" ಎಂದ.

ಆ ಕ್ಷಣವೇ ನಾನೂ ಅವನ ಮಾತಿಗೆ ಬೆಲೆ ಕೊಟ್ಟು, ಕಣ್ಣು ತೇವ ಮಾಡಿಕೊಂಡು, ಬಾಟಲಿ ಒಳಗಿಡಬಹುದಿತ್ತು. ಅದು ನ್ಯಾಯವೂ ಆಗುತ್ತಿತ್ತು.

"ಎಂತ ಬ್ಯಾಡ? ಸುಮ್ನೆ ತಗ!" ಎಂದು ಗದರಿ ಅದನ್ನು ಅವನ ಚೀಲಕ್ಕೆ ತುರುಕಿದೆ. ರಸ ಸೋರದಂತೆ ಬಾಯಿಗೆ ಬಟ್ಟೆ ಕಟ್ಟಿಕೊಟ್ಟೆ. ಅವನ ಹೆಂಡತಿಗೆಂದು ಇನ್ನೊಂದು ಬಾಟಲಿ ತರಲು ಒಳಗೆ ಓಡಿದೆ.